ಗೀಟು ಎಳೆದ ಪದ

ಗಬ್ಬೂರ, ಹುಬ್ಬಳ್ಳಿ
೮ ಜನವರಿ ೨೦೨೪, ಸೋಮವಾರ

ದೋಸ್ತ ಗುರುಬಸೂಗ ಕಮರುದ್ದೀನನ ಸಲಾಂ ಮತ್ತ ಶರಣು. ಎರಡೂ ಹಾಕೇನಿ, ಯಾವುದು ಮೊದಲ ಮುಟ್ಟತೈತಿ ನೋಡು.

ಕಿವಿ ಮಂದ ಆಗ್ಯಾವ, ಫೋನ್ ಹಚ್ಚಬ್ಯಾಡ, ಏನಿದ್ರೂ ಬರದ ಹಾಕು ಅಂತ ನಿನ್ನ ಮಗಳು ಭಾಗ್ಯಶ್ರೀ ಕಡಿಂದ ಹೇಳಿ ಕಳಿಸಿದಿ. ನಾಕನೇತ್ತಾ ಸಾಲಿ ಬಿಟ್ಟವನ ಕೈಯಾಗ ಪೆನ್ ಹಿಡಿಸಿದ ಪಾಪ ನಿಂಗ ತಟ್ಟಲಿ. ಸೊಲ್ಲಾಪುರದ ಗಿರಣ್ಯಾಗ ಮೂವತ್ತು ವರ್ಷ ಸಪ್ಪಳ ಕೇಳಿದಿ, ಕಿವಿಗೂ ಪಿಂಚಣಿ ಬೇಕಲ್ಲ, ಬಿಡು.

ಗಾದಿ ಅಂಗಡಿ ಮುಂದ ಕುಂತು ಬರಿಯಾಕತ್ತೇನಿ. ಕೈಯಾಗ ಸೂಜಿ ಇರಬೇಕಿತ್ತು, ಪೆನ್ ಐತಿ. ಹೋಗು ಬರೂ ಮಂದಿ ಕಮರು ಕಾಕಾ ವಕೀಲ ಆದ ಅಂತ ನಗಾಕತ್ತಾರ.

ಈಗ ಖರೇ ಮಾತು. ನಿಮ್ಮ ಭಾಭಿಗೆ, ನಮ್ಮ ಶಹಜಹಾನಗ, ಎಂಟು ತಿಂಗಳಿಂದ ದಮ್ಮು. ಮೂರು ಡಾಕ್ಟರ್ ಆದ್ರು. ಒಬ್ಬಾಂವ ಅಸ್ತಮಾ ಅಂದ, ಒಬ್ಬಾಂವ ಟೀಬಿ ಅಂತ ಕಫ ತಗೊಂಡು ಅಲ್ಲ ಅಂದ, ಮೂರನೇದಂವ ಏನೂ ಅನ್ನಲಿಲ್ಲ, ಬರೇ ಗುಳಿಗಿ ಬರದ. ಹೋದ ವಾರ ಧಾರವಾಡ ಕಡೆ ಒಂದು ದೊಡ್ಡ ದವಾಖಾನಿಗೆ ಕರಕೊಂಡ ಹೋದೆ. ಸುಕನ್ಯಾ ಅಂತ ಡಾಕ್ಟರಬಾಯಿ, ಸಣ್ಣ ವಯಸ್ಸು, ಎದಿಗೆ ಯಂತ್ರ ಹಚ್ಚಿ ಭಾಳ ಹೊತ್ತು ಕೇಳಿದ್ರು.

'ಇವರು ಏನ್ ಕೆಲಸ ಮಾಡ್ತಾರ್ರಿ?' ಅಂದ್ರು.

'ಮನಿ ಕೆಲಸ್ರಿ,' ಅಂದೆ.

'ಹತ್ತಿ ಗಿರಣಿ, ಜಿನ್ನಿಂಗ್, ಹಂತಾದ್ದು ಏನರ?'

'ಇಲ್ರಿ ಮೇಡಂ. ನಮ್ಮ ಮನಿ ಹೆಣ್ಣಮಕ್ಕಳು ಹೊಸ್ತಿಲ ದಾಟಿ ದುಡದಿಲ್ಲ.'

ಶಹಜಹಾನ ಏನೋ ಹೇಳಾಕ ಬಾಯಿ ತಗದ್ಳು, ಕೆಮ್ಮು ಬಂತು. 'ನೀ ಸುಮ್ನಿರು, ದಮ್ಮ ಹತ್ತತೈತಿ, ನಾ ಹೇಳ್ತೇನಿ,' ಅಂದೆ. ಡಾಕ್ಟರಬಾಯಿ ಕಾಗದದ ಮ್ಯಾಲ ಆಗಲೇ ಒಂದು ಶಬ್ದ ಬರದು ಮುಂದ ಪ್ರಶ್ನೆ ಚಿಹ್ನೆ ಹಾಕಿದ್ರು. ನನ್ನ ಮಾತು ಕೇಳಿ ಅದರ ಮ್ಯಾಲ ಗೀಟು ಎಳದ್ರು. ಕೆಳಗ 'ಕಾರಣ ತಿಳಿದಿಲ್ಲ' ಅಂತ ಬರದ್ರು. ಅದು ಕನ್ನಡದಾಗ ಇತ್ತು, ನಂಗ ತಿಳೀಲಿ ಅಂತ ಇರಬೇಕು.

ಆ ಗೀಟು ಎಳದ ಶಬ್ದ ನಂಗ ಬಿಡವಲ್ದು ಗುರು. ಗುಳಿಗಿ ಪಾಕೀಟಿನ ತುಂಡಿನ ಮ್ಯಾಲ ಚಿತ್ರ ತಗದಂಗ ತಗದು ಇದರ ಜೋಡಿ ಇಟ್ಟೇನಿ. ಏನದು? ಬರದದ್ದು ಯಾಕ, ಹೊಡದದ್ದು ಯಾಕ? ಅಕಿ ಈಗ ಮಾಳಗಿ ಮೆಟ್ಟಲ ಹತ್ತಾಕ ಎರಡು ಸಲ ಕುಂದರ್ತಾಳ. ಮಲಗಿದ್ರ ಉಸರು ಕಟ್ಟತೈತಿ ಅಂತ ಮಾರಾಟದ ಗಾದಿ ಸುರುಳಿಗೆ ಒರಗಿ ಕುಂತ ನಿದ್ದಿ ಮಾಡ್ತಾಳ. ಗಾದಿ ಮಾಡಾವನ ಹೆಂಡ್ತಿಗೆ ಗಾದಿ ಮ್ಯಾಲ ಮಲಗೂ ನಸೀಬ ಇಲ್ಲ. ಇದು ನನ್ನ ಜೋಕ್ ಅಲ್ಲ, ಅಲ್ಲಾಹುಂದು.

ಲಗೂ ಬರಿ.

ಕಮರು

*

ಸೊಲ್ಲಾಪುರ
೧೬ ಜನವರಿ ೨೦೨೪

ಪ್ರೀತಿಯ ಕಮರು,

ಪತ್ರ ತಲುಪಿತು. ನೀನು ತೆಗೆದ ಚಿತ್ರದಲ್ಲಿ ಒಂದು ಅಕ್ಷರ ತಲೆಕೆಳಗಾಗಿದೆ. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ಪದ 'ಬಿಸಿನೋಸಿಸ್'.

ಇದನ್ನು ನನಗೆ ತಿಳಿಸಿ ಹೇಳಿದವರು ನಮ್ಮ ಗಿರಣಿಯ ದವಾಖಾನೆಯಲ್ಲಿದ್ದ ಹಳೆಯ ಡಾಕ್ಟರು. ಗ್ರೀಕರ ಮಾತಿನಲ್ಲಿ 'ಬಿಸೋಸ್' ಅಂದರೆ ಬಹಳ ನವಿರಾದ ನಾರಿನ ಬಟ್ಟೆ, ಸಿರಿವಂತರು ಉಡುವಂಥದ್ದು. ಆ ಚಂದದ ಮಾತಿನಿಂದ ಈ ರೋಗದ ಹೆಸರು ಹುಟ್ಟಿತು. ಹತ್ತಿ, ಅಗಸೆನಾರು, ಸೆಣಬು ಇವುಗಳ ಧೂಳನ್ನು ವರ್ಷಗಟ್ಟಲೆ ಕುಡಿದವರ ಎದೆ ಬಿಗಿಯುವ ರೋಗ. ಬಟ್ಟೆ ಉಟ್ಟವರಿಗೆ ಬರುವುದಿಲ್ಲ, ಮಾಡಿದವರಿಗೆ ಬರುತ್ತದೆ.

ಈ ಪದವನ್ನು ಎಲ್ಲರಿಗೂ ಹಚ್ಚಲಿಕ್ಕೆ ಬರುವುದಿಲ್ಲ. ಬರೆಯುವ ಮೊದಲು ಎರಡು ಪ್ರಶ್ನೆ ಕೇಳಬೇಕು ಎನ್ನುತ್ತಿದ್ದರು ಆ ಡಾಕ್ಟರು. ಏನು ಕೆಲಸ? ಸೋಮವಾರ ಹೇಗಿರುತ್ತೀರಿ? ಭಾನುವಾರ ರಜೆ, ಧೂಳಿಲ್ಲ, ಎದೆ ಸಡಿಲಾಗುತ್ತದೆ. ಸೋಮವಾರ ಒಳಗೆ ಕಾಲಿಟ್ಟು ನಾಲ್ಕು ತಾಸಿಗೆ ಯಾರೋ ಹಗ್ಗ ಸುತ್ತಿ ಎಳೆದಂತಾಗುತ್ತದೆ. ವಾರ ಮುಂದೆ ಹೋದಂತೆ ಕೊಂಚ ಹಗುರ. ಗಿರಣಿಯಲ್ಲಿ ನಾವು ಅದನ್ನು ಸೋಮವಾರದ ರೋಗ ಎಂದೇ ಕರೆಯುತ್ತಿದ್ದೆವು. ಬೇರೆ ಯಾವ ದಮ್ಮಿಗೂ ವಾರ ಗೊತ್ತಾಗುವುದಿಲ್ಲ.

ಭಾಭಿ ಗಿರಣಿಗೆ ಹೋದವರಲ್ಲ ಎಂದು ನೀನೇ ಹೇಳಿದ್ದೀಯ. ಆದರೂ ಎರಡು ಸೋಮವಾರ ಲಕ್ಷ್ಯ ಕೊಟ್ಟು ನೋಡು. ಸೋಮವಾರ ಹೆಚ್ಚಾಗದಿದ್ದರೆ ಡಾಕ್ಟರು ಗೀಟು ಎಳೆದದ್ದು ಸರಿ. ಆ ಪದ ಮರೆತುಬಿಡು.

ಫೋನ್ ಮಾಡಬೇಡ. ಕಿವಿ ಹಾಗೆಯೇ ಇದೆ.

ಗುರುಬಸವ

*

ಗಬ್ಬೂರ
೩೧ ಜನವರಿ, ಬುಧವಾರ

ಗುರು,

ನಿನ್ನ ಪತ್ರ ಓದಿ ಎರಡು ಸೋಮವಾರ ಪೋಲೀಸನಂಗ ಕಾದೆ. ಅಕಿ ಉಸರಾಡೂದನ್ನ ಬಾಗಲಾಗ ನಿಂತು ಎಣಿಸಿದೆ. 'ಏನ್ರಿ, ನನ್ನ ಮದುವಿ ಆಗೂದೈತೇನ್ ಮತ್ತ, ಹಿಂಗ್ಯಾಕ ನೋಡಾಕತ್ತೀರಿ?' ಅಂದ್ಳು. ನಕ್ಕೆ. ಅಕಿನೂ ನಗಾಕ ಹೋಗಿ ಕೆಮ್ಮಿದ್ಳು.

ಸುದ್ದಿ ಏನಂದ್ರ, ಸೋಮವಾರ ಅಕಿ ಛಲೋ ಇರ್ತಾಳ. ಹಿಂದಿನ ಎರಡು ದಿನಕ್ಕಿಂತ ಛಲೋ. ಹೋದ ಸೋಮವಾರ ಎರಡು ರೊಟ್ಟಿ ತಿಂದ್ಳು. ಅಂದ ಮ್ಯಾಲ ನಿನ್ನ ಗ್ರೀಕ ರೋಗ ನಮ್ಮದಲ್ಲ. ಡಾಕ್ಟರಬಾಯಿ ಗೀಟು ಎಳದದ್ದು ಬರೋಬ್ಬರಿ. ಆ ಗುಳಿಗಿ ಪಾಕೀಟು ಹರದು ಒಗದೆ.

ಖರೇ ಹೇಳಲೇನು? ಒಗದ ಮ್ಯಾಲ ಹೆಚ್ಚು ಅಂಜಿಕಿ ಆತು. ಹೆಸರಿದ್ದ ರೋಗ ಆದ್ರ ಬೈಯಾಕ ಬರತೈತಿ. ಕಾರಣ ತಿಳಿದಿಲ್ಲ ಅಂದ್ರ ಯಾರಿಗೆ ಬೈಲಿ? ಟಂಟಂ ಗಾಡಿ ಬಂದ್ ಬಿದ್ರ ಪ್ಲಗ್ ಬಿಚ್ಚಿ ನೋಡ್ತೇವಿ, ಏನರ ಒಂದು ಸಿಗತೈತಿ. ಮನಷ್ಯಾಳ್ನ ಹ್ಯಾಂಗ ಬಿಚ್ಚೂದು?

ದರ್ಗಾಕ್ಕ ಹೋಗಿ ತಾಯತ ಕಟ್ಟಿಸೇನಿ. ಬಾಜೂ ಮನಿ ದಾನವ್ವ ಕಷಾಯ ಕಾಸಿ ಕೊಡ್ತಾಳ. ಡಾಕ್ಟರಬಾಯಿ ಕೊಟ್ಟ ಪಂಪ್ ಎಳಿತಾಳ, ತಾಯತ ಕಟ್ಟಿಕೊಂಡಾಳ, ಕಷಾಯ ಕುಡಿತಾಳ. ಎಲ್ಲಾ ಪಾರ್ಟಿಗೂ ವೋಟು ಹಾಕೇವಿ, ಯಾರೂ ಆರಿಸಿ ಬರವಲ್ರು.

ಲಗ್ನದ ಸೀಜನ್, ಕೆಲಸ ಭಾಳ. ಶನಿವಾರ ಟಂಟಂದಾಗ ಗಾದಿ ಹೇರಿಕೊಂಡು ಕುಂದಗೋಳ, ನವಲಗುಂದ ಕಡೆ ಹೋದ್ರ ಬರೂದು ಹೊತ್ತು ಮುಣಗಿದ ಮ್ಯಾಲ. ಬಂದು ನೋಡಿದ್ರ ಅಕಿ ಮಾರಿ ಬೂದಿ ಆಗಿರತೈತಿ. ಏನಾತು ಅಂದ್ರ 'ಏನಿಲ್ರಿ, ಉಣ್ಣಬರ್ರಿ' ಅಂತಾಳ.

ನಿನ್ನ ಹುಚ್ಚ ದೋಸ್ತ
ಕಮರು

*

ಸೊಲ್ಲಾಪುರ
೭ ಫೆಬ್ರುವರಿ

ಕಮರು,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನನ್ನ ಬುದ್ಧಿಗೆ ನಾನೇ ಹೊಡೆದುಕೊಳ್ಳಬೇಕು. ಗಿರಣಿಯ ವಾರವೇ ಜಗತ್ತಿನ ವಾರ ಎಂದುಕೊಂಡು ಸೋಮವಾರ ನೋಡು ಎಂದು ಬರೆದೆ.

ನಿನ್ನ ಅಂಗಡಿ ಬಂದ್ ಇರುವುದು ಯಾವತ್ತು? ಶುಕ್ರವಾರ ಅಲ್ಲವೇ? ಹಾಗಾದರೆ ನಿಮ್ಮ ಮನೆಯ ಸೋಮವಾರ ಯಾವುದು, ನೀನೇ ಹೇಳು.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಅಪ್ಪನ ಅರಳೆ ಅಂಗಡಿಯಿಂದ ನಿಮ್ಮ ಮನೆಗೆ ಹತ್ತಿಯ ಗಂಟು ತಂದು ಹಾಕುತ್ತಿದ್ದೆ, ನೆನಪಿದೆಯೇ? ನಿಮ್ಮ ತಾಯಿ ಕಮಾನು ಹಿಡಿದು ಹಿಂಜುತ್ತಿದ್ದರು. ಹುಬ್ಬಿನ ಮೇಲೆಲ್ಲ ಬಿಳಿ ಎಳೆ. ನಾನು 'ಅಮ್ಮಾ, ನೀವು ಮುದುಕಿ ಆದ್ರಿ' ಎಂದು ನಗುತ್ತಿದ್ದೆ. ಅವರು ಏತರಿಂದ ತೀರಿಕೊಂಡರು? ದಮ್ಮು ಎಂದೇ ನೀನು ಹೇಳಿದ್ದು.

ಈಗ ಕಮಾನು ಹೋಗಿ ಹಿಂಜುವ ಮಷೀನು ಬಂದಿದೆ. ನೀನು ಮುಂದೆ ಕುಳಿತು ಹೊಲಿಯುತ್ತೀಯ, ಗಿರಾಕಿಗಳನ್ನು ನಗಿಸುತ್ತೀಯ. ಹಿಂದಿನ ಖೋಲಿಯಲ್ಲಿ ಆ ಮಷೀನಿಗೆ ಹತ್ತಿ ಹಾಕುವವರು ಯಾರು ಕಮರು?

ಗುರುಬಸವ

*

ಗಬ್ಬೂರ
೧೪ ಫೆಬ್ರುವರಿ

ಗುರುಬಸವ ಅವರಿಗೆ,

ನಮ್ಮ ಅವ್ವನ್ನ ಯಾಕ ನಡಬರಕ ತಂದ್ರಿ? ಅಕಿ ಸತ್ತು ಹತ್ತೊಂಬತ್ತು ವರ್ಷ ಆತು. ನಮ್ಮ ಹೆಣ್ಣಮಕ್ಕಳು ಮನ್ಯಾಗ ಮನಿ ಕೆಲಸ ಮಾಡ್ತಾರ. ಗಂಡನ ಜೋಡಿ ನಾಕು ಕೈ ಹಚ್ಚಿದ್ರ ಅದು ನೌಕರಿ ಆತೇನು? ನಾ ಹೆಂಡ್ತಿ ದುಡದದ್ದನ್ನ ತಿನ್ನಾಂವ ಅಲ್ಲ. ಊರಾಗ ನನಗೂ ಒಂದು ಮಾರಿ ಐತಿ.

ಗಿರಣಿ ಹೆಸರು ಹೇಳಿ ನನ್ನ ಮನಿ ರೋಗ ಅಳಿಬ್ಯಾಡ್ರಿ. ಇನ್ನ ಬರಿಯೂದು ಬ್ಯಾಡ.

ಕಮರುದ್ದೀನ ನದಾಫ

*

ಸೊಲ್ಲಾಪುರ
೨೦ ಫೆಬ್ರುವರಿ

ಕಮರು,

ನೀನು ಬರೆಯಬೇಡ ಎಂದೆ, ನಾನು ಬರೆಯುತ್ತಿದ್ದೇನೆ. ಇದೇ ಕೊನೆ.

ಒಂದು ಶನಿವಾರ ಗಾದಿ ಮಾರಲು ಊರೂರಿಗೆ ಹೋಗಬೇಡ. ಒಂದೇ ಒಂದು. ಮನೆಯಲ್ಲಿರು. ಜೋಕು ಮಾಡಬೇಡ, ಮಾತಾಡಬೇಡ. ನೋಡು.

ನೀನು ನನಗೆ 'ಅವರಿಗೆ' ಎಂದು ಬರೆದದ್ದು ನೋಡಿ ನಗು ಬಂತು. ನಕ್ಕರೆ ಈಗ ಬಹಳ ಹೊತ್ತು ಹಿಡಿಯುತ್ತದೆ, ಅದಕ್ಕೆ ಅರ್ಧಕ್ಕೇ ಬಿಟ್ಟೆ.

ಗುರು

*

ಗಬ್ಬೂರ
೨ ಮಾರ್ಚ್, ಶನಿವಾರ ಸಂಜಿ

ಗುರು,

ಹ್ಯಾಂಗ ಸುರು ಮಾಡಲಿ ತಿಳಿವಲ್ದು.

ನಿನ್ನ ಪತ್ರ ಬಂದ ಮರುದಿನ ಶನಿವಾರ ಇತ್ತು. ಹಟಕ್ಕ ಬಿದ್ದು ನವಲಗುಂದಕ್ಕ ಹೋದೆ. ಒಂದು ಗಾದಿನೂ ಮಾರಲಿಲ್ಲ, ಒಂದು ಜೋಕೂ ಬರಲಿಲ್ಲ. ಇವತ್ತು ಮತ್ತ ಟಂಟಂ ಹೇರಿಕೊಂಡು ಬೈಪಾಸ್ ತನಕ ಹೋದೆ. ಅಲ್ಲಿ ಚಾದಂಗಡಿ ಮುಂದ ನಿಲ್ಲಿಸಿ ಅರ್ಧ ತಾಸು ಕುಂತೆ. ಆಮ್ಯಾಲ ಗಾಡಿ ಹೊಳ್ಳಿಸಿದೆ.

ಮಷೀನ್ ಸಪ್ಪಳ ಓಣಿ ತನಕ ಕೇಳತಿತ್ತು. ಹಿಂದಿನ ಖೋಲಿ ಬಾಗಲಾ ಮುಚ್ಚಿತ್ತು. ತಗದೆ. ಗುರು, ಟ್ಯೂಬಲೈಟ್ ಕಾಣವಲ್ದು. ಖೋಲಿ ತುಂಬ ಬಿಳಿ ಹೊಗಿ ಹಂಗ ಧೂಳು. ಅದರಾಗ ಅಕಿ ಸೆರಗು ಮೂಗಿಗೆ ಸುತ್ತಿಕೊಂಡು ಹಳೆ ಗಾದಿ ಬಿಚ್ಚಿ ಗಂಟು ಗಂಟು ಹತ್ತಿ ಹರದು ಮಷೀನಿಗೆ ಹಾಕಾಕತ್ತಿದ್ಳು. ನಾ ಬಂದದ್ದು ಗೊತ್ತಾಗಲಿಲ್ಲ. ನೀ ಹೇಳಿದಂಗ ಬಾಯಿ ಮುಚ್ಚಿ ನಿಂತೆ.

ಜರಾ ಹೊತ್ತಿನ ಮ್ಯಾಲ ಅಕಿ ಮಷೀನ್ ಬಂದ್ ಮಾಡಿದ್ಳು. ಗ್ವಾಡಿಗೆ ಎರಡೂ ಕೈ ಹಚ್ಚಿ, ತಲಿ ಕೆಳಗ ಮಾಡಿ, ಬಾವ್ಯಾಗಿಂದ ನೀರ ಸೇದಿದಂಗ ಉಸರ ಸೇದಾಕತ್ತಿದ್ಳು. ಬರವಲ್ದು. ಮತ್ತ ಸೇದ್ತಾಳ. ಬರವಲ್ದು. ತುಟಿ ನೀಲಿ ಆಗಿದ್ವು. ಅಷ್ಟರಾಗ ಹಿತ್ತಲ ಬಾಗಲಿಂದ ದಾನವ್ವ ಓಡಿ ಬಂದು ಬೆನ್ನು ತಿಕ್ಕಾಕತ್ತಿದ್ಳು. ನನ್ನ ನೋಡಿ, 'ಅಯ್ಯ ಕಮರು ಅಣ್ಣಾ, ಇವತ್ತ ನೀವು ಅದೀರಿ? ಶನಿವಾರ ಶನಿವಾರ ಮಷೀನ್ ಸಪ್ಪಳ ನಿಂತ ಕೂಡಲೇ ನಾನ ಬರ್ತೇನ್ರಿ. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ' ಅಂದ್ಳು.

ನಂಗ ಗೊತ್ತಿರಲಿಲ್ಲ. ಮುಂದ ಕುಂತಾವ ನಾ, ಹಿಂದಿಂದು ಗೊತ್ತಿರಲಿಲ್ಲ.

ದಮ್ಮ ಇಳಿದ ಮ್ಯಾಲ ಕೇಳಿದೆ, 'ಪ್ರತಿ ಶನಿವಾರ ಹಿಂಗ ಆಗತೈತೇನು?'

'ಶುಕ್ರವಾರ ಛಲೋ ಇರ್ತೇನ್ರಿ. ಶನಿವಾರ ಹಿಡಕೋತೈತಿ. ಮುಂದ ಮುಂದ ಸಡ್ಲ ಬಿಡತೈತಿ.'

'ಯಾಕ ಹೇಳಲಿಲ್ಲ?'

ಅಕಿ ಏನಂದ್ಳು ಗೊತ್ತೇನು? 'ಹೇಳಾಕ ಬಂದಾಗೆಲ್ಲ ನೀವು ನಗಸ್ತಿದ್ರಿ. ನಕ್ರ ಕೆಮ್ಮ ಬರ್ತಿತ್ತು. ಹೇಳೂದ ಬಿಟ್ಟೆ.'

ಇನ್ನೊಂದು ಐತಿ. ಇದನ್ನ ನಿಂಗಲ್ಲದ ಯಾರಿಗೂ ಹೇಳಂಗಿಲ್ಲ. ಆ ಖೋಲಿಗೆ ಒಂದು ಕಿಡಕಿ ಇತ್ತು. ಒಂಬತ್ತು ವರ್ಷದ ಹಿಂದ ಹತ್ತಿ ಎಳಿ ಹಾರಿ ದಾನವ್ವನ ಸಂಡಿಗಿ ಮ್ಯಾಲ ಬಿದ್ದೂವು. ಅಕಿ ಗಂಡ ಫಕೀರಪ್ಪ ಬಂದು, 'ಕಮರು, ನಿನ್ನ ಮಷೀನಿನ ಮಾರಿ ಆ ಕಡಿ ತಿರಗಸಪಾ' ಅಂದ. ಅಷ್ಟ ಅಂದದ್ದು. ನಾ ಶಾಣ್ಯಾ, ಮಷೀನ್ ತಿರಗಸೂ ಬದಲಿ ಕಿಡಕಿಗೆ ಪ್ಲೈವುಡ್ ಬಡದೆ. ಹದಿನಾಲ್ಕು ಮೊಳಿ. 'ತಗೋ, ಇನ್ನ ಒಂದು ಎಳಿ ಹೊರಗ ಬರಂಗಿಲ್ಲ' ಅಂದೆ. ಎಲ್ಲಾರೂ ನಕ್ರು.

ಒಂದು ಎಳಿ ಹೊರಗ ಬರಲಿಲ್ಲ ಗುರು. ಎಲ್ಲಾ ಅಕಿ ಒಳಗ ಹೋತು.

ಪ್ಲೈವುಡ್ ಕಿತ್ತು ಹಾಕೇನಿ. ಈಗ ಏನ್ ಮಾಡ್ಲಿ? ಡಾಕ್ಟರಬಾಯಿ ಮುಂದ ಯಾವ ಮಾರಿ ತೋರಿಸಲಿ? ನಾ ಹೇಳಿದ ಸುಳ್ಳಿನ ಮ್ಯಾಲ ಅಕಿ ಔಷಧ ನಡದೈತಿ. ಏನರ ಹೇಳು. ಕಾಲ ಬೀಳ್ತೇನಿ.

ಕಮರು

*

ಸೊಲ್ಲಾಪುರ
೭ ಮಾರ್ಚ್

ಕಮರು,

ಅಕ್ಷರ ಸೊಟ್ಟ ಇವೆ, ಕ್ಷಮಿಸು. ಕುಳಿತು ಬರೆಯುವುದು ತ್ರಾಸು.

ಮಷೀನು ಇವತ್ತೇ ಬಂದ್. ಆ ಖೋಲಿಗೆ ಭಾಭಿ ಕಾಲಿಡಬಾರದು, ಕಸ ಹೊಡೆಯಲಿಕ್ಕೂ. ಅದೇ ಡಾಕ್ಟರ ಹತ್ತಿರ ಹೋಗು. ಎಷ್ಟು ವರ್ಷ ಹಿಂಜಿದ್ದಾರೆ, ದಿನಕ್ಕೆ ಎಷ್ಟು ತಾಸು, ರಜೆ ಯಾವತ್ತು, ಯಾವ ದಿನ ಹೆಚ್ಚು, ಕಿಟಕಿ ಮುಚ್ಚಿದ್ದು, ಎಲ್ಲ ಹೇಳು. ನಾಚಬೇಡ. ನಿನ್ನ ಮಾರಿಗಿಂತ ಅವರ ಉಸಿರು ದೊಡ್ಡದು.

ತಡ ಮಾಡಬಾರದು ಏಕೆಂದರೆ, ಮೊದಮೊದಲು ರಜೆ ಮುಗಿದ ಮರುದಿನ ಮಾತ್ರ. ಆಗ ಬಿಟ್ಟರೆ ಪೂರ್ತಿ ಗುಣ. ಆಮೇಲೆ ವಾರವಿಡೀ. ಕೊನೆಗೆ ವಾರವೇ ಇರುವುದಿಲ್ಲ, ಎಲ್ಲ ದಿನ ಒಂದೇ. ನಮ್ಮ ಗಿರಣಿಯ ಹಿಂಜುವ ಖಾತೆಯಲ್ಲಿ ಕೆಲಸಗಾರರ ಮೇಲೆ ಒಬ್ಬ ಮುಕಾದಮ ಇದ್ದ. ಎಲ್ಲರಿಗೂ ಸೋಮವಾರದ ರೋಗ ಎಂದು ನಗುತ್ತಿದ್ದವನು. ಗೊತ್ತಿದ್ದೂ ಬಿಡಲಿಲ್ಲ. ಈಗ ಕಿಟಕಿಯ ಹತ್ತಿರ ಕುಳಿತಿರುತ್ತಾನೆ. ಒಂದು ಮಾತು ಮುಗಿಸಲಿಕ್ಕೆ ಮೂರು ಸಲ ನಿಲ್ಲಬೇಕು. ಅದಕ್ಕೆ ಮಾತೇ ಬಿಟ್ಟಿದ್ದಾನೆ.

ಭಾಭಿಗೆ ಹಾಗಾಗಬಾರದು. ಓಡು.

ಗುರು

*

ಗಬ್ಬೂರ
೧೪ ಮಾರ್ಚ್, ಗುರುವಾರ

ಗುರು,

ನಿನ್ನೆ ಹೋಗಿ ಬಂದ್ವಿ. ರಮಜಾನದ ಎರಡನೇ ರೋಜಾ. ಶಹಜಹಾನ ರೋಜಾ ಹಿಡಿತೇನಿ ಅಂತ ಹಟ ಮಾಡಿದ್ಳು, ಡಾಕ್ಟರಬಾಯಿ ಬ್ಯಾಡ ಅಂದ್ರು. ಅಷ್ಟಕ್ಕ ಅತ್ತಳು ನೋಡು. ದಮ್ಮಿಗೆ ಒಮ್ಮಿನೂ ಅತ್ತಾಕಿ ಅಲ್ಲ.

ಮೇಡಂ ಫೈಲ್ ತಗದು ಹಳೇ ಪ್ರಶ್ನೆ ಮತ್ತ ಕೇಳಿದ್ರು, 'ಇವರು ಏನ್ ಕೆಲಸ ಮಾಡ್ತಾರ್ರಿ?' ಹೇಳಾಕಂತ ಬಾಯಿ ತಗದೆ. ಮುಚ್ಚಿದೆ. 'ಅಕಿನ್ನ ಕೇಳ್ರಿ ಮೇಡಂ,' ಅಂದೆ.

ಅಕಿ ನನ್ನ ಮಾರಿ ನೋಡಿದ್ಳು. ನಾ ಗೋಣು ಹಾಕಿದೆ. 'ಹತ್ತಿ...' ಅಂದು ನಿಂತ್ಳು. ಉಸರ ತಗೊಂಡ್ಳು. 'ಹಿಂಜತೇನ್ರಿ...' ಮತ್ತ ನಿಂತ್ಳು. 'ಇಪ್ಪತ್ತಾರು...' ಇನ್ನೊಮ್ಮಿ ನಿಂತ್ಳು. 'ವರ್ಷ ಆತ್ರಿ.' ಮೂರು ಸಲ ನಿಂತು ಹೇಳಿದ ಆ ಒಂದು ಮಾತು ಮುಗಿಯೂದ್ರಾಗ ನಾ ನೆಲದಾಗ ಇಳದು ಹೋಗಿದ್ದೆ. ಸುಳ್ಳು ಹೇಳಿದಾಂವ ನಾನ್ರಿ ಅಂದೆ. ಮೇಡಂ ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಉಸರ ಅಳಿಯಾಕ ನಳಿಗಿ ಊದಿಸಿದ್ರು. ಆಮ್ಯಾಲ ಅದ ಶಬ್ದ ಮತ್ತ ಬರದ್ರು. ಈ ಸಲ ಪ್ರಶ್ನೆ ಚಿಹ್ನೆ ಇಲ್ಲ.

ಎದಿ ಅರ್ಧ ಹೋಗೇತಂತ. ಹೋದದ್ದು ಹೊಳ್ಳಿ ಬರಂಗಿಲ್ಲ. ಹತ್ತಿ ಬಿಟ್ರ ಇದ್ದದ್ದು ಉಳೀಬಹುದು. 'ಬಹುದು' ಅಂದ್ರು, ಗುರು. ಕನ್ನಡದಾಗ ಇಂಥಾ ಕೆಟ್ಟ ಶಬ್ದ ಐತಿ ಅಂತ ನಂಗ ಗೊತ್ತಿರಲಿಲ್ಲ. ಎರಡು ವರ್ಷ ಮೊದಲ ಬಂದಿದ್ರ, ಅಂತ ಏನೋ ಹೇಳಾಕ ಹೋಗಿ ಅರ್ಧಕ್ಕ ಬಿಟ್ರು.

ಹೊರಗ ಕಟ್ಟಿ ಮ್ಯಾಲ ಕುಂತಾಗ ಶಹಜಹಾನ ಫೈಲ್ ಕೈಯಾಗ ತಗೊಂಡ್ಳು. 'ಕೆಲಸ ಅನ್ನೂ ಕಡೆ ಏನ್ ಬರದಾರ್ರಿ?'

'ಮನಿ ಕೆಲಸ ಅಂತ ಇತ್ತು. ಅದಕ್ಕ ಗೀಟು ಎಳದಾರ. ಮ್ಯಾಲ, ಹತ್ತಿ ಹಿಂಜುವುದು, ಇಪ್ಪತ್ತಾರು ವರ್ಷ, ಅಂತ ಬರದಾರ.'

'ಇನ್ನೊಮ್ಮಿ ಓದ್ರಿ.'

ಓದಿದೆ. ಅಕಿ ಆ ಸಾಲಿನ ಮ್ಯಾಲ ಬೆರಳಾಡಿಸಿ, ಫೈಲ್ ಮುಚ್ಚಿ, ಮಡಿಲಾಗ ಇಟಗೊಂಡ್ಳು. ಬಸ್ಸಿನ್ಯಾಗ ನಾ ಕೇಳಿದ್ರೂ ಕೊಡಲಿಲ್ಲ.

ಈಗ ನಿಂದು. ಮೇಡಂ ಅಂದ್ರು, ಇದು ಭಾಳ ಮುಂದ ಹೋದವರು ಫೋನಿನ್ಯಾಗ ಮಾತಾಡಾಕ ಸೈತ ಆಗಂಗಿಲ್ಲ ಅಂತ. ಬಸ್ಸು ರಾಯಾಪುರ ದಾಟೂದ್ರಾಗ ನಂಗ ಹೊಳೀತು. ತಲಿಕೆಳಗಾದ ಅಕ್ಷರ ಇದ್ರೂ ನೋಡಿದ ಕೂಡಲೇ ಗುರುತು ಹಿಡದಿ. ಯಾರ ಫೈಲಿನ್ಯಾಗ ನೋಡಿದ್ದಿ ಆ ಶಬ್ದ? ಕಿವಿ ಮಂದ ಅಂತ. ಮಗಳು ಫೋನ್ ಎತ್ತತಾಳ ಅಂತ. ಕಿಡಕಿ ಹಂತೇಕ ಕುಂತ ಮುಕಾದಮ ಅಂತ. ಎರಡು ತಿಂಗಳ ಹಿಂದ ನಿನ್ನ ಕಿವಿ ಮ್ಯಾಲ ಜೋಕ್ ಮಾಡಿದೆ, ಹರಾಮಖೋರ, ನೀ ಮಾಡಗೊಟ್ಟಿ. ಅಲ್ಲಿ ಅಕಿ ಕೆಮ್ಮು ಕೇಳಲಿಲ್ಲ, ಇಲ್ಲಿ ನೀ ಸುಮ್ನಿದ್ದದ್ದು ಕೇಳಲಿಲ್ಲ. ಕಿವಿ ಮಂದ ಯಾರವು?

ಮಷೀನಿಗೆ ತಾಡಪಾಲ ಹೊಚ್ಚೇನಿ. ಮುಂದ ಏನ್ ಮಾಡಬೇಕು ತಿಳಿವಲ್ದು. ಹೇಳಾಕ ಒಂದು ಜೋಕೂ ಉಳದಿಲ್ಲ.

ಬರೂ ವಾರದ ಶುಕ್ರವಾರ, ಇಪ್ಪತ್ತೆರಡಕ್ಕ, ನಮಾಜ್ ಮುಗಿಸಿ ಬಂದು ಮೂರು ಗಂಟೆಕ್ಕ ಫೋನ್ ಹಚ್ಚತೇನಿ. ಶುಕ್ರವಾರ ನಮ್ಮಕಿ ಜರಾ ಆರಾಮ ಇರ್ತಾಳ, ಬಾಜೂಕ ಕುಂದರಿಸಿಕೋತೇನಿ. ಫೋನ್ ನೀನ ಎತ್ತು. ಮಾತಾಡಬ್ಯಾಡ. ಹಲೋ ಅಂತ ಸೈತ ಅನಬ್ಯಾಡ. ಬೆರಳಿಂದ ಒಂದು ಸಲ ಬಡಿ, ಇದ್ದೀ ಅಂತ ತಿಳಕೋತೇನಿ.

ನಾನೂ ಮಾತಾಡಂಗಿಲ್ಲ. ನೀ ಉಸರಾಡು. ಈ ಸಲ ಕೇಳಿಸಿಕೋತೇನಿ.

ಕಮರು